ಹಿಗ್ಗಿಸಿದ ಕನ್ನಡ ಸಾಕು, ಬರೆದ ಕನ್ನಡ ಬೇಕು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ದೀಪ ಹತ್ತಿದ ಮೇಲೆ ಒಂದು ಸುತ್ತು ಹಾಕಿ. ಅಂಗಡಿಗಳ ಹೆಸರು ಓದಬೇಡಿ, ಅಕ್ಷರ ನೋಡಿ. ಜಿಮ್ಮು, ಎಲೆಕ್ಟ್ರಿಕ್ ಸ್ಕೂಟರಿನ ಷೋರೂಮು, ಮೊಬೈಲ್ ಅಂಗಡಿ, ಗೇಮಿಂಗ್ ಸೆಂಟರು, ಹೀಗೆ ತಮ್ಮದು ನಾಳೆಯ ವ್ಯಾಪಾರ ಎಂದು ತೋರಿಸಿಕೊಳ್ಳಬೇಕಾದವರ ಇಂಗ್ಲಿಷ್ ಹೆಸರುಗಳೆಲ್ಲ ಹೆಚ್ಚುಕಡಿಮೆ ಒಂದೇ ಕುಲದ ಅಕ್ಷರದಲ್ಲಿರುತ್ತವೆ. ದಪ್ಪ, ಅಗಲ, ಮೂಲೆ ಮಾತ್ರ ದುಂಡಗೆ ತಿರುಗಿದ ಚೌಕ. ಅದರಲ್ಲಿ ‘ಓ’ ಕೂಡ ಗುಂಡಗಿರುವುದಿಲ್ಲ, ಹಳೆಯ ಟಿ.ವಿ. ಪರದೆಯ ಆಕಾರದಲ್ಲಿರುತ್ತದೆ. ಬಾಲವಿಲ್ಲ, ಕುಸುರಿಯಿಲ್ಲ, ಗೆರೆಯೆಲ್ಲ ಒಂದೇ ದಪ್ಪ. ಆ ಇಂಗ್ಲಿಷಿನ ಮೇಲೆ, ಕಾನೂನು ಹೇಳಿದಷ್ಟು ಜಾಗ ಹಿಡಿದು, ಅದೇ ಹೆಸರು ಕನ್ನಡದಲ್ಲಿದೆ. ಆ ಕನ್ನಡವನ್ನು ಯಾರೂ ಬರೆದಿಲ್ಲ. ಪುಸ್ತಕಕ್ಕೋ ಲಗ್ನಪತ್ರಿಕೆಗೋ ಇರುವ ಒಂದು ಫಾಂಟನ್ನು ಎರಡು ಕಡೆ ಹಿಡಿದು ಎಳೆದು ಅಲ್ಲಿ ಕೂರಿಸಿದ್ದಾರೆ.

ನಾನು ಇದೇ ಊರಿನಲ್ಲಿ ಬೋರ್ಡ್ ಮಾಡುವವಳು. ಅಪ್ಪ ಎನಾಮಲ್ ಪೇಂಟು, ಕುಂಚ ಹಿಡಿದು ಬರೆದವರು. ನನ್ನ ಕೈಗೆ ಬಂದದ್ದು ಕಂಪ್ಯೂಟರು, ಸ್ಟಿಕರ್ ಕತ್ತರಿಸುವ ಪ್ಲಾಟರು, ಈಗ ಅಕ್ರಿಲಿಕ್ಕು ಮತ್ತು ಎಲ್‌ಇಡಿ. ಬೋರ್ಡಿನ ಮೇಲೆ ಕನ್ನಡ ಎಷ್ಟಿರಬೇಕು ಎಂಬ ಮಾತು ನಾಡಿನಲ್ಲಿ ಜೋರಾಗಿಯೇ ನಡೆದಿದೆ, ನಡೆಯಬೇಕಾದ ಮಾತೇ ಅದು. ಆ ಕನ್ನಡ ಹೇಗಿರಬೇಕು ಎಂದು ಮಾತ್ರ ಯಾರೂ ಕೇಳುತ್ತಿಲ್ಲ. ಕೇಳಬೇಕಾದವರು ಮೊದಲು ನಮ್ಮ ಕಸುಬಿನವರೇ.

ಆ ಚೌಕದ ಇಂಗ್ಲಿಷ್ ಅಕ್ಷರ ಎಲ್ಲಿಂದ ಬಂತು ಎಂದು ಮೊದಲು ಹೇಳುತ್ತೇನೆ, ಯಾಕೆಂದರೆ ನಮಗೆ ಬೇಕಾದ ಪಾಠ ಅಲ್ಲಿಯೇ ಇದೆ. ಇಟಲಿಯ ಟ್ಯೂರಿನ್ ನಗರದಲ್ಲಿ ನೆಬಿಯೋಲೋ ಎಂಬ ಅಚ್ಚುಮೊಳೆ ಕಾರ್ಖಾನೆಯಿತ್ತು. 1878ರಲ್ಲಿ ಶುರುವಾದದ್ದು. ಮೊಳೆಯ ಜೊತೆಗೆ ಮುದ್ರಣ ಯಂತ್ರಗಳನ್ನೂ ಮಾಡುತ್ತಿತ್ತು. ಆ ಕಾರ್ಖಾನೆಯೊಳಗೆ ಅಕ್ಷರ ಬರೆಯುವುದಕ್ಕೆಂದೇ ಒಂದು ಕಲಾವಿಭಾಗವಿತ್ತು, ಸಂಬಳ ಕೊಟ್ಟು ಇಟ್ಟುಕೊಂಡ ಕಲಾವಿದರಿದ್ದರು. ಅಲೆಸ್ಸಾಂದ್ರೋ ಬುತ್ತಿ ಅದರ ಮುಖ್ಯಸ್ಥರು, ಆಲ್ಡೋ ನೊವಾರೆಸೆ ಅವರ ಕೈಕೆಳಗೆ ಪಳಗಿ ಮುಂದೆ ಅದೇ ಸ್ಥಾನಕ್ಕೆ ಬಂದವರು. ಇಬ್ಬರೂ ಸೇರಿ 1952ರಲ್ಲಿ ‘ಮೈಕ್ರೋಗ್ರಾಮಾ’ ಎಂಬ ಅಕ್ಷರವನ್ನು ಹೊರತಂದರು. ಅದರಲ್ಲಿ ದೊಡ್ಡಕ್ಷರಗಳಷ್ಟೇ ಇದ್ದವು. ವಿಸಿಟಿಂಗ್ ಕಾರ್ಡು, ಲೆಟರ್‌ಹೆಡ್ಡಿನಂಥ ಸಣ್ಣ ಅಚ್ಚಿನ ಕೆಲಸಕ್ಕೆ ಅದು ಒಗ್ಗುತ್ತಿತ್ತು. ಹತ್ತು ವರ್ಷದ ಬಳಿಕ, 1962ರಲ್ಲಿ, ನೊವಾರೆಸೆ ಅದಕ್ಕೆ ಸಣ್ಣಕ್ಷರ ಸೇರಿಸಿ, ದಪ್ಪ, ಕಿರಿದು, ಅಗಲ ಎಂದು ಸಂಸಾರವನ್ನೇ ಬೆಳೆಸಿ ‘ಯೂರೋಸ್ಟೈಲ್’ ಎಂದು ಹೆಸರಿಟ್ಟರು.

ಟ್ಯೂರಿನ್ ಫಿಯೆಟ್ ಕಾರಿನ ಊರು. ಯುದ್ಧ ಮುಗಿದು ಇಟಲಿಯ ಕಾರ್ಖಾನೆಗಳು ಮತ್ತೆ ಉಸಿರಾಡುತ್ತಿದ್ದ ಕಾಲ. ರೈಲಿನ ಕಿಟಕಿ, ಕಾರಿನ ಗಾಜು, ಮನೆಮನೆಗೆ ಬರುತ್ತಿದ್ದ ಟಿ.ವಿ., ಎಲ್ಲೆಲ್ಲೂ ಮೂಲೆ ದುಂಡಗಾದ ಚೌಕವೇ. ನೊವಾರೆಸೆಗೆ ಒಂದು ಖಚಿತ ನಂಬಿಕೆಯಿತ್ತು: ಆಯಾ ಕಾಲದ ಕಟ್ಟಡಗಳ ಆಕಾರ ಆಯಾ ಕಾಲದ ಅಕ್ಷರದಲ್ಲೂ ಕಾಣುತ್ತದೆ ಎಂದು. ಮುಂದಿನ ಕೆಲಸವನ್ನು ಸಿನಿಮಾ ಮಾಡಿತು. ಸ್ಟ್ಯಾನ್ಲಿ ಕುಬ್ರಿಕ್ 1968ರಲ್ಲಿ ತೆಗೆದ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಬಾಹ್ಯಾಕಾಶ ನೌಕೆಯ ಕಂಪ್ಯೂಟರ್ ಪರದೆಗಳಲ್ಲಿ ಮಿನುಗಿದ್ದು ಇದೇ ಯೂರೋಸ್ಟೈಲಿನ ದಪ್ಪ, ಅಗಲ ರೂಪ. ಅಲ್ಲಿಂದ ಮುಂದೆ ಒಂದಾದ ಮೇಲೊಂದು ಚಿತ್ರ ಅದನ್ನೇ ಬಳಸಿ, ಭವಿಷ್ಯ ಎಂದರೆ ಈ ಅಕ್ಷರ ಎನ್ನುವಂತಾಯಿತು.

ಆದರೆ ಚಂದ್ರನ ಮೇಲೆ ನಿಜವಾಗಿ ಹೋದ ಅಕ್ಷರ ಬೇರೆ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಅಲ್ಲಿ ಬಿಟ್ಟುಬಂದ ಫಲಕದಲ್ಲಿರುವುದು ‘ಫ್ಯೂಚುರಾ’. ಜರ್ಮನಿಯ ಪಾಲ್ ರೆನ್ನರ್ ಬರೆದು, ಫ್ರಾಂಕ್‌ಫರ್ಟಿನ ಬಾವರ್ ಕಾರ್ಖಾನೆ 1927ರಲ್ಲಿ ಹೊರತಂದ ಅಕ್ಷರ. ಅದರ ‘ಓ’ ಕೈವಾರದಲ್ಲಿ ಎಳೆದಷ್ಟು ಗುಂಡಗೆ ಕಾಣುತ್ತದೆ. ಜರ್ಮನಿಯವರಿಗೆ ನಾಳೆ ವೃತ್ತವಾಗಿ ಕಂಡಿತು, ಇಟಲಿಯವರಿಗೆ ಚೌಕವಾಗಿ ಕಂಡಿತು. ಎರಡೂ ಕಡೆ ಒಬ್ಬ ಮನುಷ್ಯ ಕೂತು, ತನ್ನ ಲಿಪಿಯನ್ನು ಮುಂದಿಟ್ಟುಕೊಂಡು, ಒಂದೊಂದೇ ಅಕ್ಷರ ಬರೆದ. ನನಗೆ ಮುಖ್ಯವಾದದ್ದು ಇದು. ಚೌಕವೋ ವೃತ್ತವೋ ಎಂಬುದು ಆಮೇಲಿನ ಮಾತು.

ನಮ್ಮ ಅಂಗಡಿಗಳಿಗೆ ಯೂರೋಸ್ಟೈಲ್ ಬಂದದ್ದು ಬೇರೆ ಹೆಸರಿನಲ್ಲಿ. ಕೋರೆಲ್‌ಡ್ರಾ ಸಿ.ಡಿ.ಯ ಜೊತೆ ಬಿಟ್‌ಸ್ಟ್ರೀಮ್ ಕಂಪನಿಯ ಫಾಂಟುಗಳ ಒಂದು ದೊಡ್ಡ ಕಟ್ಟೇ ಬರುತ್ತಿತ್ತು. ಅದರೊಳಗೆ ‘ಸ್ಕ್ವೇರ್ 721’ ಎಂದು ಒಂದಿದೆ. ಅದೇ ಇದು. ಬೈಕಿನ ಟ್ಯಾಂಕಿಗೆ, ಆಟೊದ ಹಿಂಭಾಗಕ್ಕೆ, ಟ್ರ್ಯಾಕ್ಟರಿನ ಬಾನೆಟ್ಟಿಗೆ ನಾವು ಎಷ್ಟು ಸಲ ಅದನ್ನು ಕತ್ತರಿಸಿ ಅಂಟಿಸಿದ್ದೇವೋ ಲೆಕ್ಕವಿಲ್ಲ. ನೊವಾರೆಸೆಯ ಹೆಸರು ಕೇಳದ ನೂರಾರು ಊರುಗಳಲ್ಲಿ ಅವರ ಕೈಬರಹ ಓಡಾಡುತ್ತಿದೆ. ಅದನ್ನು ಕತ್ತರಿಸುವಾಗೆಲ್ಲ ನನಗೆ ಗೌರವ ಮೂಡುತ್ತದೆ, ಯಾಕೆಂದರೆ ಪ್ಲಾಟರಿನ ಚೂರಿ ಹೋಗುವ ದಾರಿಯಲ್ಲಿ ಆ ಮನುಷ್ಯನ ತೀರ್ಮಾನಗಳು ಕಾಣುತ್ತವೆ. ಅಡ್ಡ ಗೆರೆ ನೆಟ್ಟ ಗೆರೆಗಿಂತ ಕೂದಲೆಳೆಯಷ್ಟು ತೆಳ್ಳಗಿರುತ್ತದೆ. ಹಾಗಿದ್ದರೇ ಕಣ್ಣಿಗೆ ಎರಡೂ ಒಂದೇ ದಪ್ಪ ಎನಿಸುವುದು. ದಪ್ಪ ರೂಪದಲ್ಲಿ ಒಳಗಿನ ಖಾಲಿ ಜಾಗ ಮುಚ್ಚಿಹೋಗದಂತೆ ಹೊರಮೈಯನ್ನೇ ಹಿಗ್ಗಿಸಿದ್ದಾರೆ. ಅಗಲ ರೂಪ ಎಂದರೆ ಸಾಧಾರಣ ರೂಪವನ್ನು ಎಳೆದದ್ದಲ್ಲ. ಅದನ್ನು ಅಗಲಕ್ಕೆಂದೇ ಮೊದಲಿನಿಂದ ಬರೆದಿದ್ದಾರೆ.

ಎಳೆದರೆ ಏನಾಗುತ್ತದೆ? ಒಂದು ಅಕ್ಷರವನ್ನು ಕಂಪ್ಯೂಟರಿನಲ್ಲಿ ಹಿಡಿದು ಶೇ. 150ರಷ್ಟು ಅಗಲ ಮಾಡಿದರೆ ನೆಟ್ಟ ಗೆರೆಗಳು ಒಂದೂವರೆ ಪಟ್ಟು ದಪ್ಪಗಾಗುತ್ತವೆ. ಅಡ್ಡ ಗೆರೆಗಳು ಇದ್ದಷ್ಟೇ ಇರುತ್ತವೆ. ಅಕ್ಷರದ ಬೆನ್ನು ಉಬ್ಬಿ ತಲೆ ಸೊರಗುತ್ತದೆ. ಇನ್ನೂ ದಪ್ಪ ಬೇಕೆಂದು ಸುತ್ತಲೂ ಔಟ್‌ಲೈನ್ ಕೊಟ್ಟರೆ ಆ ಔಟ್‌ಲೈನ್ ಒಳಕ್ಕೂ ಹಬ್ಬಿ ಹೊಟ್ಟೆ ಮುಚ್ಚುತ್ತದೆ. ಇಂಗ್ಲಿಷಿಗೆ ಹೀಗೆ ಮಾಡಿದರೆ ವಿಕಾರವಾದರೂ ಓದಲು ಬರುತ್ತದೆ. ಕನ್ನಡಕ್ಕೆ ಮಾಡಿದರೆ ಅಕ್ಷರವೇ ಬದಲಾಗುತ್ತದೆ. ‘ರ’ ಮತ್ತು ‘ಠ’ಗಳ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ‘ದ’ ಮತ್ತು ‘ಧ’ಗಳ ನಡುವೆ ಇರುವುದು ಅಡಿಯಲ್ಲಿನ ಒಂದು ಸೀಳು. ಸೀಳಿನ ಜೊತೆ ಚುಕ್ಕೆಯೂ ಸೇರಿದರೆ ‘ಥ’. ‘ಪ’–‘ಫ’, ‘ಬ’–‘ಭ’, ‘ಡ’–‘ಢ’ ಎಲ್ಲಕ್ಕೂ ಆ ಸೀಳೇ ಆಧಾರ. ಔಟ್‌ಲೈನ್ ಏರಿಸಿದ ಬೋರ್ಡಿನಲ್ಲಿ ಮೊದಲು ಸಾಯುವುದೂ ಆ ಸೀಳೇ. ಔಷಧ ಅಂಗಡಿಯ ‘ಧ’ ದೂರದಿಂದ ‘ದ’ ಆಗುತ್ತದೆ. ಓದುವವರು ಅಂದಾಜಿನ ಮೇಲೆ ಓದಿಕೊಳ್ಳುತ್ತಾರೆ. ನಮ್ಮ ಭಾಷೆಯನ್ನು ನಮ್ಮ ಬೀದಿಯಲ್ಲೇ ಅಂದಾಜಿನ ಮೇಲೆ ಓದಿಕೊಳ್ಳುವ ಗತಿ ಯಾಕೆ ಬರಬೇಕು?

ಒಂದು ಕೆಲಸದ ಕಥೆ ಹೇಳಬೇಕು. ಎಲೆಕ್ಟ್ರಿಕ್ ಸ್ಕೂಟರ್ ಮಾರುವ ಒಬ್ಬ ಹುಡುಗ ಬೋರ್ಡಿಗೆಂದು ಬಂದಿದ್ದ. ಕಂಪನಿಯವರು ಕಳಿಸಿದ ಕೈಪಿಡಿಯನ್ನು ಮೊಬೈಲಿನಲ್ಲಿ ತೋರಿಸಿದ. ಇಂಗ್ಲಿಷ್ ಅಕ್ಷರಗಳ ನಡುವೆ ಎಷ್ಟು ಜಾಗ, ಸುತ್ತಲೂ ಎಷ್ಟು ಖಾಲಿ, ಯಾವ ಬಣ್ಣದ ಮೇಲೆ ಯಾವ ಬಣ್ಣ ಎಂದು ಪುಟಗಟ್ಟಲೆ ಅಳತೆ. ಪ್ರಾದೇಶಿಕ ಭಾಷೆಗೆ ಒಂದೇ ಸಾಲು: ಸ್ಥಳೀಯವಾಗಿ ಸಿಗುವ ಸೂಕ್ತ ಫಾಂಟ್ ಬಳಸಿ. ಹುಡುಗನಿಗೂ ಅದು ಸರಿಬಂದಿರಲಿಲ್ಲ. “ಅಕ್ಕಾ, ಇಂಗ್ಲಿಷ್ ನೋಡಿದ್ರ ಗಾಡಿ ಹೊಂಟಂಗ ಐತಿ, ಕನ್ನಡ ನೋಡಿದ್ರ ನಿಂತಂಗ ಐತಿ. ಕನ್ನಡಾನೂ ಹೊಂಟಂಗ ಮಾಡಿಕೊಡ್ರಿ,” ಎಂದ. ಬೋರ್ಡಿನ ಕನ್ನಡದ ಬಗ್ಗೆ ನಾನು ಕೇಳಿದ ಅತ್ಯಂತ ನೇರವಾದ ವಿಮರ್ಶೆ ಅದು.

‘ಎಲೆಕ್ಟ್ರಿಕ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಎಂಟು ದೊಡ್ಡಕ್ಷರ, ಎಲ್ಲ ಒಂದೇ ಎತ್ತರ, ಎರಡು ಗೆರೆಗಳ ನಡುವೆ ನಿಂತುಬಿಡುತ್ತವೆ. ಕನ್ನಡದಲ್ಲಿ ‘ಲೆ’ಗೆ ತಲೆಯ ಮೇಲೆ ಏತ್ವ. ‘ಕ್ಟ್ರಿ’ಗೆ ಮೇಲೆ ಗುಡಿಸು, ಕೆಳಗೆ ಟ ಒತ್ತು, ಅದರ ಪಕ್ಕಕ್ಕೆ ರ ಒತ್ತು. ಕಡೆಯ ‘ಕ್’ ಬಲಕ್ಕೆ ಏರುತ್ತದೆ. ಆ ಒಂದು ‘ಕ್ಟ್ರಿ’ಗೋಸ್ಕರ ಇಡೀ ಸಾಲನ್ನು ಕುಗ್ಗಿಸಬೇಕಾಗುತ್ತದೆ, ಇಲ್ಲದಿದ್ದರೆ ಒತ್ತು ಬೋರ್ಡಿನಿಂದ ಹೊರಕ್ಕೆ ಹೋಗುತ್ತದೆ. ಹೀಗಾಗಿ ಎರಡಡಿ ಎತ್ತರದ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರ ಪಟ್ಟಿ ತುಂಬ ನಿಂತರೆ, ಕನ್ನಡದ ‘ಎ’ ಒಂದಡಿಯ ಆಸುಪಾಸಿಗೆ ಇಳಿಯುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎನ್ನುತ್ತದೆ. ಟೇಪು ಹಿಡಿದು ಅಳೆದರೆ ನಮ್ಮ ಬೋರ್ಡುಗಳಲ್ಲಿ ಅದು ಇದೆ. ಕಣ್ಣಿಟ್ಟು ಅಳೆದರೆ ಶೇ. 40ರ ಇಂಗ್ಲಿಷೇ ದೊಡ್ಡದಾಗಿ ಕಾಣುತ್ತದೆ. ಜಾಗ ತುಂಬಿಸಲು ಕನ್ನಡವನ್ನು ಅಡ್ಡಕ್ಕೆ ಎಳೆಯುತ್ತೇವೆ, ಎಳೆದಷ್ಟೂ ಅದು ಕೆಡುತ್ತದೆ. ಕಾಯ್ದೆ ಬೇಕೇ ಬೇಕು. ಆದರೆ ಕಾಯ್ದೆ ಕೊಡಿಸಿದ ಜಾಗಕ್ಕೆ ತಕ್ಕ ಅಕ್ಷರವನ್ನು ಕಾಯ್ದೆ ಬರೆದುಕೊಡುವುದಿಲ್ಲ.

ಅಪ್ಪನ ಕಾಲದಲ್ಲಿ ಈ ತೊಡಕಿಗೆ ಪರಿಹಾರ ಕೈಯಲ್ಲೇ ಇತ್ತು. ಬಣ್ಣದ ಪುಡಿ ಮೆತ್ತಿದ ದಾರ ಬಿಗಿದು ತಗಡಿನ ಮೇಲೆ ಮೀಟಿ ಗೆರೆ ಬೀಳಿಸುತ್ತಿದ್ದರು. ಇಂಗ್ಲಿಷಿಗೆ ಎರಡು ಗೆರೆ, ಕನ್ನಡಕ್ಕೆ ನಾಲ್ಕು. ಗೆರೆ ಹಾಕುವ ಮೊದಲು ಹೆಸರನ್ನು ಪೂರ್ತಿ ಓದಿ, ಒತ್ತು ಎಲ್ಲೆಲ್ಲಿ ಬರುತ್ತದೆ, ಗುಡಿಸು ಎಲ್ಲಿ ಬರುತ್ತದೆ ನೋಡಿಕೊಳ್ಳುವರು. ಒಂದೇ ಕಡೆ ಒತ್ತಿದ್ದರೆ ಅದನ್ನು ಕೆಳಕ್ಕೆ ಬಿಡದೆ, ಮೂಲ ಅಕ್ಷರದ ಬಲ ಕಾಲನ್ನು ತುಸು ಮೇಲಕ್ಕೆತ್ತಿ ಆ ಸಂದಿಯೊಳಗೆ ಕೂರಿಸುವರು. ‘ಧ’ ಬರೆಯುವಾಗ ಸೀಳಿನ ಎರಡೂ ಬದಿಗೆ ಗೆರೆಯನ್ನು ತೆಳ್ಳಗೆ ಮಾಡಿ ಸೀಳು ಉಸಿರಾಡುವಂತೆ ಬಿಡುವರು. ಬಸ್ಸುಗಳ ಮೈಮೇಲೆ ಅವರು ಬರೆಯುತ್ತಿದ್ದ ಚೌಕದ ಕನ್ನಡದಲ್ಲಿ ತಲೆಕಟ್ಟುಗಳೆಲ್ಲ ಒಂದೇ ನೇರದಲ್ಲಿ, ಒಂದೇ ದಪ್ಪದಲ್ಲಿ ಮುಂದಕ್ಕೆ ಚಾಚಿಕೊಂಡಿರುತ್ತಿದ್ದವು. ಆ ಬಸ್ಸು ನಿಂತಿದ್ದರೂ ಅಕ್ಷರ ಓಡುತ್ತಿತ್ತು. ಯೂರೋಸ್ಟೈಲಿನ ಓಟ ಅದರ ಅಡ್ಡ ಗೆರೆಗಳಲ್ಲಿದೆ. ಕನ್ನಡಕ್ಕೂ ತನ್ನದೇ ಆದ ಅಡ್ಡ ಗೆರೆಯಿದೆ, ತಲೆಕಟ್ಟು. ಆ ಸ್ಕೂಟರಿನ ಹುಡುಗನಿಗೆ ನಾನು ಬರೆದುಕೊಟ್ಟದ್ದೂ ಅದೇ ದಾರಿಯಲ್ಲಿ: ತಲೆಕಟ್ಟನ್ನು ಚಪ್ಪಟೆ ಮಾಡಿ ಬಲಕ್ಕೆ ಚಾಚಿ, ‘ಕ್ಟ್ರಿ’ಯ ಎರಡೂ ಒತ್ತುಗಳನ್ನು ಪಕ್ಕಕ್ಕೆ ತಂದು, ಒಡಲನ್ನು ಅಗಲ ಮಾಡಿ. ಟ್ಯೂರಿನ್ನಿನ ಚೌಕವನ್ನು ಕನ್ನಡದ ಮೈಮೇಲೆ ಹೇರುವ ಅಗತ್ಯವೇ ಬರಲಿಲ್ಲ.

ಆದರೆ ಹಾಗೆ ಬರೆಯುವುದಕ್ಕೆ ನಮ್ಮ ಕಸುಬಿನಲ್ಲಿ ಬೆಲೆಯಿಲ್ಲ. ಫ್ಲೆಕ್ಸಿಗೆ ಚದರಡಿ ಲೆಕ್ಕ, ಎಲ್‌ಇಡಿ ಅಕ್ಷರಕ್ಕೆ ಇಂಚಿನ ಲೆಕ್ಕ. ಬರೆಯುವ ಕೆಲಸಕ್ಕೆ ಬಿಲ್ಲಿನಲ್ಲಿ ಸಾಲೇ ಇಲ್ಲ. ಎಲ್‌ಇಡಿ ಬಂದ ಮೇಲಂತೂ ತೊಡಕು ಇನ್ನೂ ಹೆಚ್ಚಿದೆ. ಅಕ್ಷರದ ಗೆರೆಯ ಒಳಗೆ ದೀಪದ ಸಾಲು ಕೂರಬೇಕು, ಹಾಗಾಗಿ ಗೆರೆ ಎಲ್ಲ ಕಡೆ ಒಂದೇ ಸಮ ದಪ್ಪಗಿರಬೇಕು. ಇಂಗ್ಲಿಷಿನ ಈ ದಪ್ಪ ಅಕ್ಷರಗಳು ಎಲ್‌ಇಡಿಗೆಂದೇ ಹುಟ್ಟಿದಂತೆ ಹೊಂದುತ್ತವೆ. ನಮ್ಮಲ್ಲಿರುವ ಹಳೆಯ ಕನ್ನಡ ಫಾಂಟುಗಳಲ್ಲಿ ಗೆರೆ ದಪ್ಪಗೆ ಶುರುವಾಗಿ ತೆಳ್ಳಗೆ ಮುಗಿಯುತ್ತದೆ, ಒತ್ತುಗಳು ಮೂಲ ಅಕ್ಷರದ ಅರ್ಧದಷ್ಟಿರುತ್ತವೆ. ಒತ್ತಿನೊಳಗೆ ದೀಪ ಹಿಡಿಸುವುದಿಲ್ಲ. ಹೀಗಾಗಿ ರಾತ್ರಿ ಎಷ್ಟೋ ಬೋರ್ಡುಗಳಲ್ಲಿ ಮೂಲ ಅಕ್ಷರ ಬೆಳಗುತ್ತದೆ, ಒತ್ತು ಕತ್ತಲಲ್ಲಿರುತ್ತದೆ. ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ.

ಇದಕ್ಕೆ ಲಿಪಿಯನ್ನು ದೂರುವವರಿದ್ದಾರೆ. ಕನ್ನಡ ತೊಡಕಿನ ಲಿಪಿ, ಇದು ಹೊಸ ಕಾಲಕ್ಕೆ ಒಗ್ಗದು ಎನ್ನುವ ಮಾತು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ಅದು ಸುಳ್ಳು. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಕನ್ನಡ, ಸಂಸ್ಕೃತಗಳ ಒತ್ತಿನ ಮೇಲೆ ಒತ್ತು ಬರುವ ಸಾವಿರಾರು ಪದಗಳನ್ನು ಸೀಸದ ಮೊಳೆಯಲ್ಲಿ ಕೈಯಾರೆ ಜೋಡಿಸಿ ಅಚ್ಚು ಹಾಕಿದರು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ಅಸಾಧ್ಯ ಎನ್ನುತ್ತಿದ್ದಾಗ ಕೆ.ಪಿ. ರಾವ್ ಕೀಲಿಮಣೆಯ ಸರಳ ವಿನ್ಯಾಸ ಮಾಡಿಕೊಟ್ಟರು, ‘ನುಡಿ’ ತಂತ್ರಾಂಶ ಅದನ್ನು ಮನೆಮನೆಗೆ ಮುಟ್ಟಿಸಿತು, ‘ಬರಹ’ ಹೊರದೇಶದ ಕನ್ನಡಿಗರ ತನಕ ಹೋಯಿತು. ಟೈಪ್ ಮಾಡುವ ಕಷ್ಟ ನೀಗಿತು. ಆಗಿನ ಫಾಂಟಿನಲ್ಲಿ ಇದ್ದ ಮನೆಗಳು ಇನ್ನೂರರ ಆಚೀಚೆ. ಅಷ್ಟರಲ್ಲೇ ಇಡೀ ಕನ್ನಡ ಹಿಡಿಸಬೇಕಿತ್ತು. ಹಾಗಾಗಿ ‘ತ್ತ’ಕ್ಕೂ ‘ಸ್ತ’ಕ್ಕೂ ಒಂದೇ ತ ಒತ್ತು, ಒಂದೇ ಜಾಗದಲ್ಲಿ. ಆ ಕಾಲಕ್ಕೆ ಅದು ಜಾಣತನ. ಈಗ ಆ ಕಟ್ಟು ಇಲ್ಲ. ಇಂದಿನ ಓಪನ್‌ಟೈಪ್ ಫಾಂಟಿನಲ್ಲಿ ಸಾವಿರಾರು ರೂಪಗಳನ್ನು ಇಡಬಹುದು. ‘ಕ್ಟ್ರಿ’ಗೆಂದೇ ಪ್ರತ್ಯೇಕವಾಗಿ ಒಂದು ಅಕ್ಷರ ಬರೆದು ಸೇರಿಸಬಹುದು. ನನ್ನಪ್ಪ ದಾರ ಮೀಟುವ ಮೊದಲು ಮಾಡುತ್ತಿದ್ದ ಯೋಚನೆಯನ್ನು ಫಾಂಟಿನೊಳಗೇ ತುಂಬಿಡಬಹುದು.

ಮಾಡಿದವರೂ ಇದ್ದಾರೆ, ಅವರನ್ನು ಹೆಸರಿಸಬೇಕು. ಮುಂಬಯಿಯ ಏಕ್ ಟೈಪ್ ತಂಡದ ‘ಬಲೂ ತಮ್ಮ’ ದಪ್ಪ, ದುಂಡು, ನಗುಮುಖದ ಅಕ್ಷರ. ಮಿಠಾಯಿ ಅಂಗಡಿಗೆ, ಶಿಶುವಿಹಾರಕ್ಕೆ ಅದರಷ್ಟು ಒಪ್ಪುವುದು ಇನ್ನೊಂದಿಲ್ಲ. ಅದೇ ತಂಡದ ‘ಅನೇಕ್ ಕನ್ನಡ’ 2022ರಲ್ಲಿ ಬಂತು. ಅದರಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಏರಿಸಿ ಇಳಿಸಬಹುದು, ಅಗಲ ಮಾಡಿದಾಗ ಗೆರೆ ಕೆಡುವುದಿಲ್ಲ, ಯಾಕೆಂದರೆ ಕಿರಿದೂ ಅಗಲವೂ ಎರಡೂ ಬರೆದವೇ. ಎರಡೂ ಉಚಿತ. ಇವನ್ನು ಬಳಸಿ ಎಂದು ನನ್ನ ಕಸುಬಿನ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಬಳಸದೆ ಇರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಅಂಗಡಿಗಳಲ್ಲಿರುವ ಹಳೆಯ ಡಿಸೈನ್ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡಿಕೊಳ್ಳದೆ ಒತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹೊಸ ಆವೃತ್ತಿ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ.

ಆದರೂ ಒಂದೆರಡು ಒಳ್ಳೆಯ ಫಾಂಟುಗಳಿಂದ ಒಂದು ನಾಡಿನ ಬೀದಿ ತುಂಬುವುದಿಲ್ಲ. ಇಂಗ್ಲಿಷ್ ಬೋರ್ಡ್ ಮಾಡುವಾಗ ನನ್ನ ಮುಂದೆ ಸಾವಿರ ಅಕ್ಷರಮುಖಗಳಿರುತ್ತವೆ: ಗಂಭೀರ, ಗತ್ತು, ಕೋಮಲ, ಓಟ, ನಾಳೆ. ಕನ್ನಡಕ್ಕೆ ಬಂದಾಗ ಬೆರಳೆಣಿಕೆ. ಆಸ್ಪತ್ರೆಗೂ ಅದೇ, ಜಿಮ್ಮಿಗೂ ಅದೇ, ಶ್ರದ್ಧಾಂಜಲಿ ಫ್ಲೆಕ್ಸಿಗೂ ಅದೇ. ಹುಡುಗರು ಇಂಗ್ಲಿಷಿನ ಕಡೆ ವಾಲುವುದು ಭಾಷೆಯ ಮೇಲಿನ ತಿರಸ್ಕಾರದಿಂದ ಮಾತ್ರವಲ್ಲ. ಅವರ ಕಣ್ಣಿಗೆ ಕನ್ನಡ ಹಳೆಯದಾಗಿ ಕಾಣುವಂತೆ ನಾವೇ ಇಟ್ಟಿದ್ದೇವೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಸರ್ಕಾರ ಬೋರ್ಡ್ ಅಳೆಯಲು ಸಿಬ್ಬಂದಿ ಕಳಿಸುವ ಹಾಗೆಯೇ, ಬೋರ್ಡಿಗೆ ಬೇಕಾದ ಅಕ್ಷರ ಬರೆಸಲು ಹಣ ಇಡಲಿ. ನೆಬಿಯೋಲೋ ಕಾರ್ಖಾನೆ ಮಾಡಿದ್ದು ಅದನ್ನೇ, ಅಕ್ಷರ ಬರೆಯುವವರಿಗೆ ತಿಂಗಳ ಸಂಬಳ ಕೊಟ್ಟಿತು. ನಮ್ಮ ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯವಿದೆ, ಮೈಸೂರಿನಲ್ಲಿ ಕಾವಾ ಕಲಾಶಾಲೆಯಿದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿದೆ. ಅಲ್ಲೆಲ್ಲ ಕನ್ನಡ ಅಕ್ಷರ ವಿನ್ಯಾಸವನ್ನು ಒಂದು ಪೂರ್ಣ ವಿಷಯವಾಗಿ ಕಲಿಸಲಿ. ಕುಂಚ ಹಿಡಿದ ಹಿರಿಯರು ಇನ್ನೂ ಊರೂರಲ್ಲಿದ್ದಾರೆ, ಕೆಲಸವಿಲ್ಲದೆ ಕೂತಿದ್ದಾರೆ. ಅವರನ್ನು ಗೌರವಧನ ಕೊಟ್ಟು ಕರೆಸಿ, ಅವರು ಒತ್ತು ಕೂರಿಸುವ ಬಗೆಯನ್ನು ಕಂಪ್ಯೂಟರ್ ಬಲ್ಲ ಮಕ್ಕಳು ಪಕ್ಕದಲ್ಲಿ ಕೂತು ಕಲಿಯಲಿ. ಹೀಗೆ ಬರೆಸಿದ ಫಾಂಟುಗಳು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿರಲಿ, ಹಳೆಯ ತಂತ್ರಾಂಶದಲ್ಲೂ ನಡೆಯುವ ರೂಪದಲ್ಲಿ ಸಿಗಲಿ. ಎಲ್‌ಇಡಿ ದೀಪ ಒತ್ತಿನೊಳಗೂ ಹಿಡಿಸಲಿ.

ಬರೆದವನ್ನು ಕಾಗದದ ಮೇಲೆ ನೋಡಿ ಒಪ್ಪಿಕೊಳ್ಳುವುದು ಬೇಡ. ‘ಎಲೆಕ್ಟ್ರಿಕ್’, ‘ಸ್ವಾಸ್ಥ್ಯ’, ‘ಲಕ್ಷ್ಮೀ’, ‘ಔಷಧ’, ‘ವಿದ್ಯಾರ್ಥಿ’ ಎಂಬ ಐದು ಪದಗಳನ್ನು ಒಂದಡಿ ಅಕ್ಷರದಲ್ಲಿ ಕತ್ತರಿಸಿ, ದೀಪ ಹಾಕಿ, ಅಂಗಡಿಯ ಎತ್ತರಕ್ಕೆ ತೂಗುಹಾಕಲಿ. ತೀರ್ಪುಗಾರರು ರಸ್ತೆಯ ಆಚೆ ಬದಿಯಲ್ಲಿ ನಿಂತು ಓದಲಿ. ಅವರಲ್ಲಿ ಒಬ್ಬರಾದರೂ ಬೋರ್ಡ್ ಬರೆದವರಾಗಿರಲಿ, ಇನ್ನೊಬ್ಬರು ಇನ್ನೂ ಅಕ್ಷರ ಕೂಡಿಸಿ ಓದುತ್ತಿರುವ ಶಾಲೆಯ ಮಗುವಾಗಿರಲಿ.